ಹುಣ್ಣಾಗದ ಅಂಗೈ

ವಾಲ್ಪರೈಸೊದಲ್ಲಿ, ಹಳಿಯ ಮೇಲೆ ಗುಡ್ಡ ಹತ್ತಿಳಿಯುವ
ಡಬ್ಬಿಗಾಡಿ ಬಂದು ನಿಲ್ಲುವ ಕಡೆ, ನನ್ನ ಅಂಗಡಿ:
ಜೆರಾಕ್ಸ್, ಬೈಂಡಿಂಗ್, ಲ್ಯಾಮಿನೇಷನ್.
ಬಾಡಿಗೆ ಕರಾರು, ಮರಣಪತ್ರ, ಕಳೆದುಹೋದ ನಾಯಿಯ ಚಿತ್ರ
ಎಲ್ಲವೂ ನನ್ನ ಗಾಜಿನ ಮೇಲೆ ಬೋರಲು ಮಲಗಿ
ಎದ್ದು ಹೋಗುತ್ತವೆ.

ಮಂಗಳವಾರ ಎದೆಲ್ಮೀರಾ ಒಹೇದಾ ಬಂದಳು, ಬರಿಗೈಲಿ.
ಇಪ್ಪತ್ತಾರು ವರ್ಷದ ಕೆಲಸಕ್ಕೆ
ಒಂದು ರಟ್ಟು ಹಾಕಿಕೊಡು ಅಂದಳು.
ಎಷ್ಟು ಪುಟ?
ಅದೇ ಗೊತ್ತಿಲ್ಲ ಅಂದಳು.

ಅವಳದು ಕಂಪ್ಯೂಟರ್ ಸಲಹೆಯ ಕಸುಬು.
ಕೆಲಸ ಚೆನ್ನಾಗಿ ಆದರೆ ಏನೂ ಆಗುವುದಿಲ್ಲ;
ಏನೂ ಆಗದೆ ಇರುವುದೇ ಕೆಲಸ.
ಬಡಗಿ ಬಾಗಿಲು ತೋರಿಸಿಯಾನು,
ದರ್ಜಿಗೆ ಊರವರ ಮೈಯೇ ಸಾಕ್ಷಿ,
ನನಗೂ ಇವೆ, ಬೆನ್ನು ಬಿಚ್ಚದ ನಾಲ್ಕು ದಪ್ಪ ಪುಸ್ತಕ.
ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಒಪ್ಪಿದೆ.
ಹುಣ್ಣೇ ಆಗದ ಅಂಗೈಯನ್ನು
ಯಾವ ಕನ್ನಡಿಯಲ್ಲಿ ತೋರಿಸುವುದು?

ಮೇಲೆ ಬಾಯಿಗೆ ಬೀಗ. ಸಹಿ ಹಾಕಿದ್ದಾಳೆ:
ಬ್ಯಾಂಕಿನ ಹೆಸರು ಎತ್ತುವಂತಿಲ್ಲ, ಬಂದರಿನದೂ ಇಲ್ಲ.

ಮೊದಲ ಸಲ ಬರೆದು ತಂದದ್ದು ಓದಿದೆ:
ಸಮಗ್ರ, ಸುಸಜ್ಜಿತ, ಪರಿಣಾಮಕಾರಿ.
ಶಾಯಿ ತುಟ್ಟಿ, ನಾನು ಅಚ್ಚು ಹಾಕಲಿಲ್ಲ.
ಇದರ ಮೇಲೆ ಯಾರ ಹೆಸರು ಬರೆದರೂ ಕೂರುತ್ತದೆ ಅಂದೆ.
ಮುನಿಸಿಕೊಂಡಳು. ಸ್ಟೂಲೆಳೆದು ಚಹಾ ಕೊಟ್ಟೆ.
ನಿನ್ನ ತಂಗಿಗೆ ಹೇಳುವ ಹಾಗೆ ಹೇಳು.

ಹೇಳಿದಳು:
ಗುಡ್ಡದ ಮೇಲೊಂದು ಆಸ್ಪತ್ರೆ. ರಾತ್ರಿಪಾಳಿಯ ನರ್ಸು
ಔಷಧದ ಸಂಖ್ಯೆಗಳನ್ನು ಮಣಿಕಟ್ಟಿನ ಮೇಲೆ
ಪೆನ್ನಿನಲ್ಲಿ ಗೀಚಿಕೊಳ್ಳುತ್ತಿದ್ದಳು.
ಪರದೆ ತೆರೆಯಲು ನಲವತ್ತು ಸೆಕೆಂಡು,
ರೋಗಿಗೆ ಅಷ್ಟು ಪುರುಸೊತ್ತಿಲ್ಲ.
ಈಗ ನಾಲ್ಕು ಸೆಕೆಂಡು.
ಮಣಿಕಟ್ಟು ಖಾಲಿ.

ಬರೆ ಅಂದೆ, ಇದೇ ಮೊದಲ ಪುಟ.

ಆಮೇಲೆ ಮೀನಿನ ಶೀತಲಗೃಹ.
ರಾತ್ರಿ ಎರಡೂ ನಲವತ್ತಕ್ಕೆ ನೆಲ ನಡುಗಿ
ಯಂತ್ರದ ಕಪಾಟು ಮಕಾಡೆ ಬಿತ್ತು.
ಬೆಳಗ್ಗೆ ಗುಮಾಸ್ತ ಬೇರೆ ಊರಿನ ನಕಲು ತೆರೆದರೆ
ಒಂದೂವರೆಯವರೆಗಿನ ಲೆಕ್ಕ ಕೂದಲು ಕೊಂಕದೆ ಕೂತಿತ್ತು.
ಎಪ್ಪತ್ತು ನಿಮಿಷ ಹೋಯಿತಲ್ಲ ಎಂದು
ಮಾಲೀಕ ಹಾರಾಡಿದ.
ಉಳಿದ ಹನ್ನೊಂದು ವರ್ಷದ ಮಾತೇ ಇಲ್ಲ.
ಇಬ್ಬರೂ ನಕ್ಕೆವು. ಅದು ಎರಡನೆಯದು.

ಹೀಗೆ ಆರು ಪುಟ.
ಏಳನೆಯದಕ್ಕೆ ಲೋಟ ಕೆಳಗಿಟ್ಟಳು.
ಶಾಲೆಗಳ ಸಂಬಳದ ಲೆಕ್ಕ, ನಾನೇ ಕೆಡಿಸಿದ್ದು ಅಂದಳು.
ಒಂದು ಸಾಲು ತಪ್ಪು; ಇನ್ನೂರ ಹನ್ನೆರಡು ಮೇಷ್ಟ್ರುಗಳಿಗೆ
ನಾಲ್ಕು ದಿನ ಸಂಬಳವಿಲ್ಲ.
ಬೇಕರಿಯಲ್ಲಿ ಒಬ್ಬರು ಸಾಲ ಹೇಳುವುದು ಕಿವಿಗೆ ಬಿತ್ತು,
ಬ್ರೆಡ್ಡು ಕೊಳ್ಳದೆ ಹಿಂದಿರುಗಿದೆ.
ಅಂದಿನಿಂದ, ಮರಳುವ ದಾರಿ ನಡೆದು ನೋಡದೆ
ಯಾವುದಕ್ಕೂ ಕೈ ಹಾಕಿಲ್ಲ.
ಅದನ್ನೂ ಹಾಕಲೇ?

ಬೇಡ ಅಂದೆ. ಅಂಗಡಿಯವನ ಬುದ್ಧಿ.
ಸಂತೆಗೆ ಹುಳುಕು ಹಣ್ಣು ಯಾರು ಒಯ್ಯುತ್ತಾರೆ?
ನನ್ನನ್ನು ಸರಿಸಿ, ತಾನೇ ಕೂತು ಟೈಪು ಮಾಡಿದಳು.

ಹದಿನೈದು ದಿನ ಬಿಟ್ಟು ಬಂದಳು,
ಕೂದಲಲ್ಲಿ ಕಡಲ ಮಂಜು.
ಮೇಜಿನಾಚೆ ಮೂವರು ಕೂತಿದ್ದರಂತೆ. ಇಬ್ಬರು
ಹಾಳೆಗಳನ್ನು ಇಸ್ಪೀಟಿನ ಹಾಗೆ ಸರಸರ ತಿರುವಿದರು.
ಮೂರನೆಯವಳು, ಕಿವಿಯಲ್ಲಿ ಯಂತ್ರವಿಟ್ಟ ಮುದುಕಿ,
ಏಳರಲ್ಲಿ ನಿಂತಳು.
ಬೆರಳು ಅಲ್ಲೇ ಇಟ್ಟುಕೊಂಡು ಕೇಳಿದಳಂತೆ:
ಆ ನಾಲ್ಕು ದಿನ, ಗಂಟೆಗಂಟೆಗೆ, ಏನೇನು ಮಾಡಿದೆ?
ಮಾತು ಮುಗಿದಾಗ ಕಾಫಿ ಕೆನೆಗಟ್ಟಿತ್ತು.

ಸಿಕ್ಕಿತೇ ಕೆಲಸ?
ಎಂಟು ತಿಂಗಳ ಕರಾರು.
ಎಲ್ಲಿ?
ಹೆಸರು ಹೇಳುವಂತಿಲ್ಲ.

ಇನ್ನೊಂದು ಪ್ರತಿ ಬೇಕು ಅಂದಳು,
ಈ ಸಲ ಅಂಟು ಬೇಡ, ಹೊಲಿಗೆ ಹಾಕು.
ಕೊನೆಯಲ್ಲಿ ಒಂದಿಷ್ಟು ಖಾಲಿ ಹಾಳೆ ಸೇರಿಸು,
ದಾರ ಕೊಂಚ ಸಡಿಲವೇ ಇರಲಿ.